ಫಕ್ರುಸಾಬ ಕೇಳಿದ ರಾಜೀಖುಷಿ

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ದಿನಗಳು. ಹುನಗುಂದದಲ್ಲಿ ಹೊಸದಾಗಿ ಏಳುತ್ತಿದ್ದ ಮಂಗಲ ಕಾರ್ಯಾಲಯದ ಬಾಗಿಲಿನಿಂದ ಇಳಿಹೊತ್ತಿನ ಬಿಸಿಲು ಒಳಗೆ ಬಿದ್ದಿತ್ತು. ಅರ್ಧ ನೆಲಕ್ಕೆ ಇಳಕಲ್ಲಿನ ಕೆಂಪು ಕಲ್ಲು ಕೂತಿತ್ತು, ಉಳಿದರ್ಧ ಬರೀ ಮಣ್ಣು. ಆ ಮಣ್ಣಿನ ಅಂಚಿಗೆ ನಿಂತು ಕಲ್ಲಿನ ಗುತ್ತಿಗೆದಾರ ಅಯೂಬ, ದರ ಏರಿಸದಿದ್ದರೆ ನಾಳೆಯಿಂದ ಆಳು ಬರುವುದಿಲ್ಲ ಎಂದ. ಶುರುವಾದದ್ದು ಹಾಗೆ.

ಕಾರ್ಯಾಲಯ ಶ್ರೀನಿವಾಸರಾಯರದು. ಮನೆತನದವರೆಲ್ಲ ಮಾಸ್ತರಿಕೆ ಮಾಡಿದವರು, ವ್ಯಾಪಾರಕ್ಕೆ ಇಳಿದವರಲ್ಲಿ ಇವರೇ ಮೊದಲಿಗರು. ಅಲ್ಲಿ ನಡೆಯಬೇಕಾಗಿದ್ದ ಮೊದಲ ಮದುವೆಯ ಪತ್ರಿಕೆ ಅಚ್ಚಾಗಿ ಊರೂರಿಗೆ ಹಂಚಿಹೋಗಿತ್ತು. ಅದರಲ್ಲೊಂದು ಅಯೂಬನ ಕೈಗೂ ಬಂದಿತ್ತು. ಅಳತೆಗೆ ಕೊಯ್ದ ಕಲ್ಲೆಲ್ಲ ಇಳಕಲ್ಲಿನಲ್ಲಿ ಅವನ ಶೆಡ್ಡಿನೊಳಗಿತ್ತು. ಬೇರೆಯವರ ಹತ್ತಿರ ಹೋಗಿ ಅದೇ ಬಣ್ಣ ಹುಡುಕಿ, ಕೊಯ್ಸಿ, ಹಾಕಿಸುವ ಹೊತ್ತು ಮೀರಿತ್ತು. ಕ್ವಾರಿಯವರು ದರ ಏರಿಸಿದ್ದಾರೆ, ನಾನೇನು ಮಾಡಲಿ ಎಂದು ಅಯೂಬ ಕೈ ಚೆಲ್ಲಿದ. ರಾಯರು ಮೊದಲು ಸಿಟ್ಟು ಮಾಡಿದರು, ಆಮೇಲೆ ಕೇಳಿಕೊಂಡರು, ಕೊನೆಗೆ ಆಗಲಿ ಎಂದರು. ಅಯೂಬ ಮೊದಲೇ ಬರೆಸಿ ತಂದಿದ್ದ ಹೊಸ ಕರಾರನ್ನು ಕಿಸೆಯಿಂದ ತೆಗೆದ.

ಅಯೂಬನ ತಂದೆ ಫಕ್ರುಸಾಬ ಅಲ್ಲೇ ಒಂದು ಕಲ್ಲಿನ ಮೇಲೆ ಕೂತಿದ್ದ. ಅವನದೊಂದು ರೂಢಿ ಇತ್ತು. ಯಾವ ಕೆಲಸ ಕುದುರಿದರೂ ಎರಡೂ ಕಡೆಯವರನ್ನು ಎದುರಿಗೆ ನಿಲ್ಲಿಸಿ, ನಿಕಾಹದಲ್ಲಿ ಖಾಜಿ ಕೇಳುವ ಹಾಗೆ, 'ರಾಜೀಖುಷೀನ?' ಎಂದು, ಮನಸಾರೆ ಒಪ್ಪಿಗೆಯೇ ಎಂದು ಕೇಳುವನು. ಇಬ್ಬರೂ 'ಖುಷಿ' ಎಂದರೆ ಮುಗಿಯಿತು, ಕೈ ಕೂಡಿಸುವನು. ಅವನು ಹೀಗೆ ಕೇಳಿ ಕೂಡಿಸಿದ ಮಾತು ಈವರೆಗೆ ಮುರಿದಿರಲಿಲ್ಲ. ಕಾಕಾ ಕೇಳಿದರೆ ಖಾಜಿಯೂ ಬೇಡ, ಕಚೇರಿಯೂ ಬೇಡ ಎಂದು ಕಲ್ಲು ಕೂಡಿಸುವವರು ನಗುತ್ತಿದ್ದರು.

ಅಂದೂ ಎಲ್ಲರೂ ಅವನ ಕಡೆ ನೋಡಿದರು. ಅವನು ಎದ್ದು ಕೇಳಿದ.

"ಖುಷಿರಿ ಕಾಕಾ," ಎಂದರು ರಾಯರು, ಮಣ್ಣು ನೋಡುತ್ತ.

ಕರಾರಿಗೆ ಸಹಿ ಬಿದ್ದ ಮೇಲೆ ಫಕ್ರುಸಾಬ ಅವರ ಕೈ ಹಿಡಿದು ಮಗನ ಕೈಗೆ ಕೂಡಿಸಿದ. ರಾಯರ ಕೈ ಬೆವೆತು ತಣ್ಣಗಾಗಿತ್ತು. ಇಳಕಲ್ಲಿಗೆ ಹೋಗುವ ಬಸ್ಸಿನಲ್ಲಿ ಫಕ್ರುಸಾಬ ತನ್ನ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡೇ ಒರೆಸಿಕೊಂಡ. ಕ್ವಾರಿಯ ದರ ಏರಿದ್ದು ಖರೆ. ಆದರೆ ಈ ಕಲ್ಲು ಅದಕ್ಕೂ ಮೊದಲೇ ಹಳೆಯ ದರಕ್ಕೆ ಕೊಂಡದ್ದು. ಪಾಲಿಶ್ ಆಗಿ ಶೆಡ್ಡಿನಲ್ಲಿ ಒರಗಿಸಿಟ್ಟದ್ದನ್ನು ಅವನೇ ದಿನಾ ನೀರು ಹಾಕಿ ಒರೆಸುತ್ತಿದ್ದ. ಗೊತ್ತಿದ್ದೂ ಕೇಳಿದ್ದ. ಮನೆಗೆ ಬಂದಾಗ ಹೆಂಡತಿ ಗುಲಾಬಬಿ ತಾಟು ಇಟ್ಟಳು. ಗಂಡ ರೊಟ್ಟಿ ಮುರಿಯದೆ ಕೂತದ್ದನ್ನು ನೋಡಿ, ಬಿಸಿಲು ಬಡಿದಿರಬೇಕು ಎಂದುಕೊಂಡಳು.

ನೆಲ ಮುಗಿಯಿತು, ಮದುವೆಯೂ ಚೆನ್ನಾಗಿ ಆಯಿತು. ಆಮೇಲೆ ರಾಯರು ಹಳೆಯ ದರದ ಲೆಕ್ಕ ಚುಕ್ತಾ ಮಾಡಿ, ಹೆಚ್ಚಿನದನ್ನು ಕೊಡುವುದಿಲ್ಲ ಎಂದುಬಿಟ್ಟರು. ಅಯೂಬ ಹುನಗುಂದದ ಕೋರ್ಟಿಗೆ ಹೋದ. ರಾಯರ ವಕೀಲೆ ಪ್ರಿಯದರ್ಶಿನಿ, ದಾರಿಯೆಲ್ಲ ಕಟ್ಟಿ ಪಡೆದ ಒಪ್ಪಿಗೆ ಕಾಯ್ದೆಯ ಕಣ್ಣಿಗೆ ಒಪ್ಪಿಗೆಯೇ ಅಲ್ಲ ಎಂದು ವಾದಿಸಿದಳು. ಅಯೂಬನಿಗೆ ಅದರ ಹೆದರಿಕೆ ಇರಲಿಲ್ಲ. ಅಬ್ಬಾನ ಮಾತನ್ನು ಈ ಸೀಮೆಯಲ್ಲಿ ಯಾರು ತೆಗೆದುಹಾಕುತ್ತಾರೆ? ನೀನು ಕೇಳಿದಿ, ಅವರು ಖುಷಿ ಅಂದರು, ಇಷ್ಟೇ ಹೇಳು, ಸುಳ್ಳೇನೂ ಅಲ್ಲವಲ್ಲ ಎಂದು ತಂದೆಯನ್ನು ಸಾಕ್ಷಿಗೆ ಕರೆತಂದ. ಅದು ಸುಳ್ಳಲ್ಲ ಎಂಬುದೇ ಫಕ್ರುಸಾಬನ ಎದೆಯಲ್ಲಿ ಸಿಕ್ಕಿಕೊಂಡಿತ್ತು.

ಮಗನ ವಕೀಲರು ಅಷ್ಟನ್ನೇ ಕೇಳಿದರು. ಅವನೂ ಅಷ್ಟನ್ನೇ ಹೇಳಿದ. ಆಮೇಲೆ ಪ್ರಿಯದರ್ಶಿನಿ ಎದ್ದಳು.

"ಅಜ್ಜಾರ, ನೀವು ಕೇಳೂ ಹೊತ್ತಿಗೆ ಉಳಿದ ಕಲ್ಲು ಎಲ್ಲಿತ್ರಿ?"

ಅಯೂಬ ತಲೆ ಎತ್ತಿದ. ಫಕ್ರುಸಾಬ ಟೋಪಿ ಸರಿಮಾಡಿಕೊಂಡ.

"ನಮ್ಮ ಶೆಡ್ಡಿನ್ಯಾಗ ಇತ್ರಿ. ಹಳೀ ದರದ್ದು."

"ಅದು ನಿಮಗ ಗೊತ್ತಿತ್ತ?"

"ಗೊತ್ತಿತ್ರಿ."

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ, ಗೊತ್ತಿದ್ದ ಮೇಲೆ ಯಾಕೆ ಕೇಳಿದಿರಿ ಎಂದರು.

"ರೂಢಿರಿ," ಎಂದ. ಅದು ಸಾಲದು ಅನ್ನಿಸಿ ಮತ್ತೆ ಹೇಳಿದ. "ರಾಯರಿಗೆ ಇಲ್ಲ ಅನ್ನಾಕ ಜಾಗಾ ಇರಲಿಲ್ರಿ. ಜಾಗಾ ಇಲ್ಲದವರನ್ನ ರಾಜೀಖುಷೀನ ಅಂತ ಕೇಳಿದೆ. ಮಗ ದರ ಏರಿಸಿದ, ಅಷ್ಟ. ಅದನ್ನ ಪಕ್ಕಾ ಮಾಡಿದಾಂವ ನಾ."

ತೀರ್ಪು ರಾಯರ ಕಡೆ ಆಯಿತು. ಆ ದಿನ ಕೋರ್ಟಿನ ಹೊರಗೆ ಬೇವಿನ ನೆರಳಿನಲ್ಲಿ ಅವರು ಫಕ್ರುಸಾಬನ ಕಡೆ ಎರಡೂ ಕೈ ಚಾಚಿ, ದೊಡ್ಡ ಮನುಷ್ಯ ನೀವು ಎಂದರು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಕೈ ಕೊಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಮನೆಗೆ ಬಂದು ಕಟ್ಟೆಯ ಮೇಲೆ ಕೂತ ಮೇಲೆ ಅಯೂಬ ಹೇಳಿದ. "ಊರ ಮುಂದ ನನ್ನ ಕಳ್ಳನ್ನ ಮಾಡಿದೆಲ್ಲ ಅಬ್ಬಾ."

"ಕಳ್ಳತನದಾಗ ಇಬ್ಬರೂ ಇದ್ದೆವಲ್ಲೋ."

"ಹಂಗಾದ್ರ ಅವತ್ತ ಬಾಯಿ ಮುಚ್ಚಿಕೊಂಡು ಕೂತಿದ್ರ ಆಗತಿತ್ತು. ಕೇಳು ಅಂದವರು ಯಾರು?"

ಯಾರೂ ಅಂದಿರಲಿಲ್ಲ. ಬರೀ ನೋಡಿದ್ದರು.

ಮರುದಿನ ಶೆಡ್ಡಿನಲ್ಲಿ ಕಲ್ಲು ಕೂಡಿಸುವವರು ಎಂದಿನಂತೆ ಸಲಾಂ ಹೇಳಿದರು, ಆದರೆ ನಗಲಿಲ್ಲ. ಗದಗಿನಿಂದ ಬಂದ ಗಿರಾಕಿಯೊಬ್ಬ ಮಾತು ಮುಗಿಸಿ, ಕಾಕಾನ್ನ ಕರೀರಿ ಎಂದ. ಅಯೂಬ, ಅದೆಲ್ಲ ಬಂದ್ ಆಗ್ಯದ ಎಂದು ಬೆನ್ನು ತಿರುಗಿಸಿಯೇ ಹೇಳಿದ. ಫಕ್ರುಸಾಬ ನೀರಿನ ಪೈಪು ಕೆಳಗಿಟ್ಟ. ಮಗ ತಪ್ಪಾಡಲಿಲ್ಲ ಅನ್ನಿಸಿತು ಅವನಿಗೆ.

ಬಾದಾಮಿಯಲ್ಲಿ ಮಗಳು ಆಫ್ರೀನಳ ಮನೆ ಇತ್ತು. ಅಲ್ಲಿಗೆ ಹೋಗಿ ಇರುತ್ತೇನೆ ಎಂದ. ಗುಲಾಬಬಿ ಎರಡು ಜೋಡಿ ಬಟ್ಟೆ ಗಂಟು ಕಟ್ಟಿಕೊಟ್ಟಳು, ಅಯೂಬನ ಮಗ ಅಯಾನನನ್ನು ಬಿಟ್ಟು ತಾನು ಬರುವುದಿಲ್ಲ ಎಂದಳು. ಯಾವಾಗ ಬರುತ್ತಿ ಎಂದು ಕೇಳಲಿಲ್ಲ. ಫಕ್ರುಸಾಬ ಇಳಕಲ್ಲು ಬಿಟ್ಟದ್ದು ಮಂಗಳವಾರ, ಮೊದಲ ಬಸ್ಸಿಗೆ.