ಕಾಲ್ಬೆರಳ ಸಂದಿಯ ಮರಳು

ಬಿಳಿಯ ಹೊದಿಕೆ ಮತ್ತೆ ಸರಿದಿದೆ, ಲೋಂಡಾದಿಂದೀಚೆಗಿನ ತಗ್ಗುದಿಣ್ಣೆಗಳಲ್ಲಿ ಆಂಬುಲೆನ್ಸು ಕುಲುಕಿದಾಗಲೆಲ್ಲ ಸರಿಯುತ್ತದೆ, ಸಂಗವ್ವನ ಎರಡು ಪಾದಗಳು ಹೊರಗೆ ಬರುತ್ತವೆ, ಬೆರಳ ಸಂದಿಯಲ್ಲಿ ಮಂಗಳೂರಿನ ಮರಳು ಇನ್ನೂ ಇದೆ, ನಾನು ಹೊದಿಸುತ್ತೇನೆ, ಅದು ಸರಿಯುತ್ತದೆ, ಮೂವತ್ತೊಂದು ವರ್ಷ ಜೊತೆಗಿದ್ದ ಹೆಂಡತಿ ಇಂದು ಬೆಳಗಿನ ಐದು ಗಂಟೆಗೆ ತೀರಿಕೊಂಡಿದ್ದಾಳೆ, ಅಳು ಬರುವುದು ಧರ್ಮ, ಬರುತ್ತಿಲ್ಲ, ಅಂಗಿಯ ಜೇಬಿನಲ್ಲಿ ಮರಣಪತ್ರವಿದೆ, ಕನ್ನಡದಲ್ಲಿದೆ — ಅದನ್ನು ಕನ್ನಡದಲ್ಲಿಯೇ ಬರೆಯಿಸಿಕೊಂಡೆ. ನಿವೃತ್ತಿಯಾದ ಮೇಲೆ ಸಮುದ್ರ ತೋರಸ್ರಿ ಎಂದಿದ್ದಳು, ಬೇರೆ ಏನನ್ನೂ ಕೇಳಿದವಳಲ್ಲ, ನಿನ್ನೆ ಸಂಜೆ ಸೆರಗು ಸಿಕ್ಕಿಸಿಕೊಂಡು ನೀರಿನಲ್ಲಿ ನಿಂತು ಹುಡುಗಿಯಂತೆ ನಕ್ಕಳು, ದಂಡೆಯಲ್ಲಿ ಬುಟ್ಟಿ ಇಟ್ಟುಕೊಂಡಿದ್ದ ಮುದುಕಿ ಕೊಂಕಣಿಯಲ್ಲಿ ಏನೋ ಅಂದಳು, ಇವಳು ಖಾನಾಪುರದ ಮರಾಠಿಯಲ್ಲಿ ಉತ್ತರ ಕೊಟ್ಟಳು, ಬಾಜೂದವಳು ತುಳುವಿನಲ್ಲಿ ಸೇರಿಕೊಂಡಳು, ಮೂವರಿಗೂ ಎಲ್ಲವೂ ತಿಳಿಯಿತು, ಬೆಳಗಾವಿಯ ರವಿವಾರ ಪೇಟೆಯಲ್ಲಿ ಬೆಲ್ಲ ಕೊಳ್ಳುವಾಗಲೂ ಇವಳದು ಇದೇ ಚಾಳಿ, ಗಡಿ ತಾಲ್ಲೂಕಿನ ಕನ್ನಡ ಮಾಸ್ತರನ ಹೆಂಡತಿ, ನಾನು ನಾಲ್ಕು ಹೆಜ್ಜೆ ದೂರ ನಿಲ್ಲುತ್ತಿದ್ದೆ, ಇಲ್ಲಿಯೂ ನಿಂತು ಹೇಳಿದೆ, ಕನ್ನಡ ನಾಡಿನೊಳಗ ಕನ್ನಡ ಮಾತಾಡು. ಅಯ್ಯ, ಬುಟ್ಟ್ಯಾಗಿನ ಮೀನಾ ಯಾವ ಭಾಷಾದೂವ್ರೀ ಮಾಸ್ತರ, ಅಂದಳು, ಮುದುಕಿ ಬಿದ್ದು ಬಿದ್ದು ನಕ್ಕಳು, ನಾನು ನಗಲಿಲ್ಲ. ಕಾಲು ಸೋತಾವ್ರೀ, ಒಂದೀಟ ಕುಂದರತೀನಿ. ಬ್ಯಾಡ, ಐದೂವರಿಗೆ ಟೂರಿನ ಬಸ್ಸಿನ ಹಂತೇಕ ಇರ್ತೀವಂತ ಮಾತು ಕೊಟ್ಟೇವಿ, ಎಂದೆ. ಕುಂದರಲಿಲ್ಲ. ಬಸ್ಸು ಬಂದದ್ದು ಆರೂ ಕಾಲಿಗೆ, ಅಷ್ಟು ಹೊತ್ತೂ ನಿಂತಿದ್ದಳು, ಎದೆಯ ಮೇಲೆ ಕೈ ಇಟ್ಟುಕೊಂಡು, ಸೆಕೆ ಭಾಳ ಐತ್ರೀ ಎನ್ನುತ್ತ.

ರಾತ್ರಿ ಎದೆನೋವು ಹೆಚ್ಚಾಗಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದೆ, ಬೆಳಗಿನ ಐದು ಗಂಟೆಗೆ ಡಾಕ್ಟರು ತಲೆಯಾಡಿಸಿ ಹೋದರು, ಆಯಾ ಲಿಲ್ಲಿಬಾಯಿ ಇವಳ ಕಣ್ಣು ಮುಚ್ಚಿ, ಕೊರಳ ಲಿಂಗದ ಕರಡಿಗೆಯನ್ನು ಕಂಡು ನನ್ನ ಹತ್ತಿರ ಬಂದಳು, ಸರ್, ನೀವು ಲಿಂಗದವರಲ್ವಾ, ನಿಮ್ಮಲ್ಲಿ ಕೂರಿಸಿ ಮಣ್ಣು ಮಾಡುದಲ್ವಾ, ಮೊನ್ನೆ ಹುಬ್ಬಳ್ಳಿಯವರು ಕೂಡ್ಲೇ ಕಾಲು ಮಡಚಿ ಕಟ್ಟಿದ್ರು, ಈಗ್ಲೇ ಹೇಳಿ, ಮತ್ತೆ ಮೈ ಗಟ್ಟಿ ಆಗ್ತದೆ. ಒಳ್ಳೆಯ ಹೆಂಗಸು, ಅವಳ ಮಾತು ನನಗೆ ಕೇಳಿಸಿತು, ಕೇಳಿಸಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ, ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದ್ದೇನೆ — ಆದರೆ ಆಗ ಗುಮಾಸ್ತ ಪತ್ರ ನೀಡಿದ್ದ, ಇಂಗ್ಲಿಷಿನಲ್ಲಿ, ಕರ್ನಾಟಕದ ಆಸ್ಪತ್ರೆ, ಕರ್ನಾಟಕದ ಹೆಣ್ಣುಮಗಳು, ಇಂಗ್ಲಿಷಿನಲ್ಲಿ ಸತ್ತದ್ದು, ಇದನ್ನು ನಾನು ಮುಟ್ಟುವುದಿಲ್ಲ ಎಂದೆ. ಮೊದಲು ಪತ್ರ ಬರಲಿ, ಆಮೇಲೆ ನೋಡೋಣ ಎಂದು ಲಿಲ್ಲಿಬಾಯಿಗೆ ಹೇಳಿದೆ. ಗುಮಾಸ್ತ ಫೋನಿನಲ್ಲಿ ತುಳು, ಜವಾನನೊಡನೆ ಕೊಂಕಣಿ, ನನ್ನೊಡನೆ ಪುಸ್ತಕದ ಕನ್ನಡ, ನೀವು ಹೇಳುವುದು ಸರಿ ಮಾರಾಯ್ರೇ, ಆದರೆ ಅಲ್ಲಿ ನಿಮ್ಮ ಹೆಂಡತಿ ಇದ್ದಾರಲ್ಲ, ಕನ್ನಡದ ನಮೂನೆ ಬೀರುವಿನಲ್ಲಿ, ಬೀಗ ಸಾಹೇಬರ ಹತ್ತಿರ, ಸಾಹೇಬರು ಹತ್ತೂವರೆಗೆ. ಕಾಯುತ್ತೇನೆ ಎಂದೆ. ಬೆಂಚಿನ ಮೇಲೆ ನೆಟ್ಟಗೆ ಕೂತು ಕಾದೆ, ನಾನು ಕೂತಿದ್ದೆ. ಒಳಗೆ ಸಂಗವ್ವ ಮಲಗಿದ್ದಳು, ಐದರಿಂದ ಹತ್ತೂವರೆ, ಲಿಲ್ಲಿಬಾಯಿ ಎರಡು ಸಲ ಬಂದು ನೋಡಿ ಹೋದಳು, ಪತ್ರ ಬಂತು, ಹೆಸರಿನಲ್ಲಿ ಒಂದು ತಪ್ಪೂ ಇರಲಿಲ್ಲ, ಒಳಗೆ ಹೋಗಿ ಮೊಣಕಾಲು ಮುಟ್ಟಿದೆ, ಕಟ್ಟಿಗೆ.

ಲೋಂಡಾಕ್ಕಿಂತ ಮೊದಲು ಸಿಕ್ಕ ರಾಮನಗರದ ಎಸ್‌ಟಿಡಿ ಬೂತಿನಿಂದ ಮೈದುನ ಈರಣ್ಣನಿಗೆ ಮತ್ತೆ ಫೋನು ಮಾಡಿದಾಗ, ಮಾವಾರ, ಕುಣಿ ತಗದೈತಿ, ಅಕ್ಕಗ ಕುಂದರಾಕ ಗೂಡೂ ಕಡದಾರ, ಮಠದ ಕಲ್ಲಯ್ಯನವರು ವಿಭೂತಿ ಹಿಡಕೊಂಡ ಕುಂತಾರ, ಅಕ್ಕನ್ನ ಕುಂದರಿಸೀರಿಲ್ಲೋ, ಮಾವಾರ, ಹಲೋ — ಪತ್ರ ಕನ್ನಡದಾಗ ತಗೊಂಡೀನಿ ಎಂದೆ, ಅಷ್ಟೇ ಎಂದೆ. ಈಗ ಖಾನಾಪುರ, ಮಲಪ್ರಭೆಯ ಸೇತುವೆ, ಹೊತ್ತು ಮುಳುಗುವ ಸಮಯ, ನಮ್ಮ ಓಣಿ, ಚಾಲಕ ಇಳಿದು ಹಿಂದಿನ ಬಾಗಿಲು ತೆಗೆಯುತ್ತಾನೆ, ಎಲ್ಲರಿಗಿಂತ ಮೊದಲು ಪಾದಗಳು ಕಾಣುತ್ತವೆ, ನೆರೆಯ ಸತ್ಯವ್ವ ಅಯ್ಯ ನಮ್ಮವ್ವಾ ಎಂದು ಬಾಯಿಗೆ ಸೆರಗು ಒತ್ತುತ್ತಾಳೆ, ಈರಣ್ಣ ಅಕ್ಕನ ಮೊಣಕಾಲ ಮೇಲೆ ಕೈ ಇಟ್ಟು ನನ್ನ ಮುಖ ನೋಡುತ್ತಾನೆ, ಮಡಚವಲ್ಲವು ಮಾವಾರ. ಕಲ್ಲಯ್ಯನವರು ಮೆಲ್ಲಗೆ, ಬಿಸಿನೀರು ತರ್ರಿ, ತಿಕ್ಕಿ ನೋಡೂಣು, ಜೋರ ಮಾಡಬ್ಯಾಡ್ರಿ ಮತ್ತ, ಯಾಕ ಮಾಸ್ತರ, ಅಲ್ಲಿ ಹೇಳಾವರು ಯಾರೂ ಇರಲಿಲ್ಲೇನು. ಇದ್ದರು. ಜೇಬಿನಿಂದ ಪತ್ರ ತೆಗೆದು ಚಾಚಿದ್ದೇನೆ, ಯಾರೂ ಇಸಿದುಕೊಳ್ಳುತ್ತಿಲ್ಲ, ಸತ್ಯವ್ವ ಕೊಡ ತಂದಳು, ನೀರು ಮೊಣಕಾಲ ಮೇಲೆ ಹರಿಯುತ್ತದೆ, ಹಬೆಯಾಡುತ್ತದೆ, ಒಂದೀಟ ಕುಂದರತೀನಿ, ನೀರು ಪಾದದವರೆಗೆ ಬರುತ್ತದೆ, ಬೆರಳ ಸಂದಿಯಲ್ಲಿ ನಿಲ್ಲುತ್ತದೆ, ಮರಳು ಹೋಗುತ್ತಿಲ್ಲ, ಒಂದೀಟ ಕುಂದರತೀನ್ರಿ, ಬೆರಳ ಸಂದಿಯಲ್ಲಿ ಮರಳು, ನೆಟ್ಟಗೆ ನಿಂತ ಎರಡು ಪಾದ, ಮರಳು,