ತಡವಾಗಿ ಬಂದ ಆಮೆನ್

ಆ ವಸಂತದಲ್ಲಿ ಬುಖಾರಾದ ಗಂಡಸರೆಲ್ಲ ಸಾವಿನ ಮನೆಯವರಂತೆ ಕಾಣುತ್ತಿದ್ದರು. ಸಾಂಕ್ರಾಮಿಕ ಕಾಯಿಲೆಯ ಭಯಕ್ಕೆ ಕ್ಷೌರದಂಗಡಿಗಳಿಗೆಲ್ಲ ಬೀಗ ಬಿದ್ದಿತ್ತು, ನನ್ನದಕ್ಕೂ. ನಮ್ಮ ಯಹೂದಿ ಕೇರಿಯಲ್ಲಿ ಹತ್ತಿರದವರು ಸತ್ತರೆ ಮೂವತ್ತನೆಯ ದಿನದವರೆಗೆ ಗಡ್ಡಕ್ಕೆ ಕತ್ತಿ ತಾಗಿಸುವಂತಿಲ್ಲ. ಆ ಗಡ್ಡ ನೋಡಿದವರು ತಾವಾಗಿಯೇ ದನಿ ತಗ್ಗಿಸುತ್ತಾರೆ. ಈ ಸಲ ಯಾರೂ ತಗ್ಗಿಸಲಿಲ್ಲ. ರೊಟ್ಟಿ ಮಾರುವವನಿಗೂ ಗಡ್ಡ, ಓಣಿಯ ಬಾಯಲ್ಲಿ ನಿಂತ ಪೊಲೀಸನಿಗೂ ಗಡ್ಡ. ನನ್ನ ಬಿಬಿ ಸತ್ತದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಬಿಬಿ ಎಂದರೆ ನನ್ನ ಅಜ್ಜಿ, ಬುಲೋರ್. ಅವಳಿಗೆ ಗಂಡುಮಕ್ಕಳಿಲ್ಲ. ಎಂಟನೇ ತರಗತಿಗೆ ಶಾಲೆ ಬಿಟ್ಟು ಬಂದ ನನಗೆ ಬೈಯದೆ ಊಟ ಹಾಕಿದವಳು ಅವಳೊಬ್ಬಳೇ. ಬೈಗುಳವನ್ನು ಮರುದಿನಕ್ಕೆ ಇಟ್ಟುಕೊಂಡಿದ್ದಳು.

"ಝವುಲುನ್, ನಿಂಗೆ ಓದು ಹತ್ತಲಿಲ್ಲ, ಬಿಡು," ಎನ್ನುತ್ತಿದ್ದಳು. "ಕದ್ದಿಶ್ ಒಂದು ಕಲಿ. ನಾನು ಸತ್ತ ಮೇಲೆ ಮೂವತ್ತಕ್ಕೆ ಹತ್ತು ಗಂಡಸರ ನಡುವೆ ನಿಂತು ಹೇಳು. ಒಂಬತ್ತು ಜನ ಸಾಲ್ದು. ಫೋನಿನಲ್ಲೂ ಬೇಡ. ಹತ್ತು ಬಾಯಿಂದ ಆಮೆನ್ ಬರಬೇಕು. ನಂಗೆ ಮೋಸ ಮಾಡಬೇಡ, ಮಾರಾಯ."

ಕದ್ದಿಶ್ ಎಂದರೆ ಸತ್ತವರಿಗಾಗಿ ಗಂಡುಮಕ್ಕಳು ಹೇಳುವ ಪ್ರಾರ್ಥನೆ. ಅವಳು ಕೇಳಿದ್ದು ಅಷ್ಟೇ. ಅವಳ ಹೂಳುವಿಕೆಗೆ ನಾನು, ಮುಖ ಮುಚ್ಚಿಕೊಂಡ ಆಸ್ಪತ್ರೆಯವರು ಮತ್ತು ಎಲ್ಲರೂ ಅಕಾ, ಅಂದರೆ ಅಣ್ಣ, ಎಂದು ಕರೆಯುವ ನಮ್ಮ ಸಭೆಯ ಹಿರಿಯ ನಿಸೋನ್-ಅಕಾ ಮಾತ್ರ. ಹತ್ತು ಜನ ಸೇರಲು ಸರ್ಕಾರ ಬಿಡಲಿಲ್ಲ. ಕದ್ದಿಶ್ ನನ್ನ ಗಂಟಲಲ್ಲೇ ಉಳಿಯಿತು.

ಮೂವತ್ತನೆಯ ದಿನ ಹತ್ತಿರ ಬಂದಾಗ ನಿಸೋನ್-ಅಕಾನ ಬಾಗಿಲು ಬಡಿದೆ. ಪ್ರಾರ್ಥನಾ ಮಂದಿರದ ಕೀಲಿ ಅವರ ಸೊಂಟದಲ್ಲಿರುತ್ತದೆ. ಅವರು ಬಾಗಿಲು ತೆರೆಯಲಿಲ್ಲ, ಸಂದಿಯಿಂದಲೇ ಮಾತಾಡಿದರು.

"ಬೀಗ ತೆಗೀರಿ, ಅಕಾ. ಐದು ನಿಮಿಷ ನಿಂತು ಹೋಗ್ತೀವಿ."

"ಹೋಗೋವಾಗ ಕಾಯಿಲೆ ಹೊತ್ಕೊಂಡು ಮನೆಮನೆಗೂ ಹಂಚ್ತೀರಿ. ತೆಗೆಯಲ್ಲ."

"ಹೂಳೋವಾಗ್ಲೂ ಇಲ್ಲ, ಈಗ್ಲೂ ಇಲ್ಲ! ನೀವು ಸತ್ತಾಗ ನಾನೂ ಹೀಗೇ ಬಾಗಿಲ ಹಿಂದೆ ನಿಂತು ಮಾತಾಡ್ತೀನಿ."

"ಮಾತಾಡಪ್ಪಾ. ನಾನೇನು ತಿರುಗಿ ಉತ್ತರ ಕೊಡ್ತೀನಾ?" ಎಂದರು. ನನಗೆ ಬಾಗಿಲಿಗೆ ಒದೆಯಬೇಕೆನಿಸಿತು. ಒಳಗೆ ಅವರು ಸ್ವಲ್ಪ ಹೊತ್ತು ಕೆಮ್ಮಿದರು, ಯೋಚಿಸುವಾಗ ಅವರು ಕೆಮ್ಮುತ್ತಾರೆ. "ಲೇ, ಕತ್ತರಿ. ಮಾಳಿಗೆ ಇದೆಯಲ್ಲೋ. ಎಲ್ಲರೂ ತಮ್ಮ ತಮ್ಮ ಮಾಳಿಗೆ ಹತ್ತಲಿ. ಒಬ್ಬರಿಗೊಬ್ಬರ ಮುಖ ಕಂಡರೆ ಸಾಕು, ಒಂದೇ ಸಭೆ ಆಗುತ್ತೆ. ಓಣಿಯವರನ್ನೆಲ್ಲ ನೀನೇ ಕರಿ. ಹಿಜ್ಕಿಯೋನನ್ನೂ ಸೇರಿಸಿದ್ರೆ ಲೆಕ್ಕ ಸರಿಹೋಗುತ್ತೆ."

ಕರೆದೆ. ಹಿಜ್ಕಿಯೋನನ್ನು ಬಿಟ್ಟು ಎಲ್ಲರನ್ನೂ ಕರೆದೆ.

ಹಿಜ್ಕಿಯೋ ಎದುರು ಮನೆಯ ಚಮ್ಮಾರ, ಹೆಂಡತಿ ಇಲ್ಲದವನು. ಪೆಸಾಖ್ ಹಬ್ಬದ ರಾತ್ರಿ ನಮ್ಮ ಮನೆಗೆ ಬಂದು ಬಿಬಿಯ ಪಕ್ಕದಲ್ಲೇ ಕೂತು, ಊಟದುದ್ದಕ್ಕೂ ಕೆಮ್ಮಿದ್ದ. ಮುಂದಿನ ವಾರ ಇಬ್ಬರೂ ಹಾಸಿಗೆ ಹಿಡಿದರು. ಅವನು ಎದ್ದ, ಅವಳು ಏಳಲಿಲ್ಲ. ಅಂದಿನಿಂದ ಅವನ ಮುಖ ನೋಡುವುದಿಲ್ಲವೆಂದು ನಿರ್ಧರಿಸಿದ್ದೆ. ಅವನಿಲ್ಲದಿದ್ದರೆ ಇನ್ನೊಬ್ಬ ಯಾರಾದರೂ ಸಿಕ್ಕೇ ಸಿಗುತ್ತಾನೆ, ಪ್ರಪಂಚದಲ್ಲಿ ಯಹೂದಿ ಅವನೊಬ್ಬನೇ ಏನಲ್ಲ ಎಂದುಕೊಂಡೆ. ಕೇರಿ ಖಾಲಿಯಾಗಿ ವರ್ಷಗಳಾದವು ಎನ್ನುವುದನ್ನು ಸಿಟ್ಟು ಮರೆಸಿಬಿಟ್ಟಿತ್ತು.

ಮೂವತ್ತನೆಯ ದಿನ ಬೆಳಿಗ್ಗೆ ನ್ಯೂಯಾರ್ಕಿನಿಂದ ಚಿಕ್ಕಮ್ಮ ಇಸ್ತಾಮ್ ಫೋನ್ ಮಾಡಿದಳು.

"ಇಲ್ಲಿ ಎಲ್ಲರೂ ಫೋನ್ ಪರದೆ ಮೇಲೇ ಮಾಡ್ತಿದಾರೆ ಕಣೋ. ನಿಂಗೆ ಯಾಕೆ ಈ ಮಾಳಿಗೆ ಸರ್ಕಸ್ಸು?"

"ಬಿಬಿ ಬೇಡ ಅಂದಿದ್ಲು."

"ಅಮ್ಮ ಲಿಫ್ಟನ್ನೂ ಬೇಡ ಅಂದಿದ್ಲು," ಎಂದು ನಕ್ಕಳು, ನಗುತ್ತಲೇ ಅತ್ತಳು.

ಸಂಜೆ ಬಿಸಿಲು ಇಳಿಯುತ್ತಿರುವಾಗ ಏಣಿ ಹತ್ತಿದೆ. ಪಕ್ಕದ ಮನೆಯ ಗುಲ್ನೋರಾ ತನ್ನ ಏಣಿ ಕೊಟ್ಟು, ಓಣಿಯಲ್ಲಿ ಆಡುತ್ತಿದ್ದ ತನ್ನ ಮಕ್ಕಳನ್ನು ಸುಮ್ಮನಿರಿಸಿ ಒಳಗೆ ಕರೆದೊಯ್ದಿದ್ದಳು. ಒಂದೊಂದು ಮಾಳಿಗೆಯ ಮೇಲೂ ಒಬ್ಬೊಬ್ಬರು, ಇಬ್ಬಿಬ್ಬರು. ಎಲ್ಲರ ಮುಂದೆಯೂ ಯುಷ್ವೊದ ತಟ್ಟೆ. ಸತ್ತವರ ನೆನಪಿನ ಆ ಕೂಟಕ್ಕೆ ಬೇರೆ ಕಾಲದಲ್ಲಾದರೆ ಒಂದೇ ಉದ್ದನೆಯ ಮೇಜು, ಮಧ್ಯೆ ಓಶ್ ಅನ್ನದ ದೊಡ್ಡ ಬೋಗುಣಿ. ಈಗ ಅವರವರ ಸೇಬು, ಅವರವರ ಸೌತೆಕಾಯಿ, ಅವರವರ ಕಾಮಕಸ್ತೂರಿಯ ಕಡ್ಡಿ. ಹಣ್ಣಿಗೊಂದು, ತರಕಾರಿಗೊಂದು, ಪರಿಮಳಕ್ಕೊಂದು ಹರಕೆ, ಅಂದರೆ ದೇವರನ್ನು ಕೊಂಡಾಡುವ ಒಂದು ಸಾಲು, ಹೇಳುತ್ತೇವೆ. ಹೇಳಿದಷ್ಟೂ ಪುಣ್ಯ ಸತ್ತವರಿಗೆ ಸೇರುತ್ತದೆ.

ಮೂಲೆ ಮಾಳಿಗೆಯಿಂದ ಉರಿಯೇಲ್ ಕೂಗಿದ, "ಝವುಲುನ್! ನಾಳೆ ಅಂಗಡಿ ತೆಗಿಯೋ, ನನ್ನ ಹೆಂಡತಿ ನನ್ನನ್ನ ಗುರುತು ಹಿಡೀತಿಲ್ಲ!"

"ಹಿಡಿದ್ರೆ ಮನೆಯಿಂದ ಹೊರಗೆ ಹಾಕ್ತಾಳೆ, ಹಾಗೇ ಇರು," ಎಂದು ಇನ್ನಾರೋ ಎಂದರು.

ನಿಸೋನ್-ಅಕಾ ಕೈ ಎತ್ತಿದರು. ನಮ್ಮಲ್ಲಿ ಮನುಷ್ಯರನ್ನು ಒಂದು, ಎರಡು ಎಂದು ಎಣಿಸುವುದಿಲ್ಲ, ಕೆಟ್ಟ ಕಣ್ಣು ತಾಗುತ್ತದೆ. ಹತ್ತು ಪದಗಳ ಒಂದು ಪ್ರಾರ್ಥನೆಯ ಸಾಲಿದೆ. ತಲೆಗೊಂದು ಪದ ಹೇಳುತ್ತ ಹೋಗಬೇಕು, ಸಾಲು ಮುಗಿದರೆ ಸಭೆ ತುಂಬಿದಂತೆ. ನಿಸೋನ್-ಅಕಾ ಮೊದಲ ಪದಕ್ಕೆ ತಮ್ಮ ಎದೆ ಮುಟ್ಟಿಕೊಂಡರು. ಆಮೇಲೆ ಬೆರಳು ಮಾಳಿಗೆಯಿಂದ ಮಾಳಿಗೆಗೆ ನಿಧಾನವಾಗಿ ಸುತ್ತಿ ನನ್ನನ್ನೂ ದಾಟಿತು. ಕೊನೆಯ ಪದ ಬಂದಾಗ ಅವರು ಕಣ್ಣು ಮುಚ್ಚಿ, ಭಕ್ತಿಯಿಂದ, ಮತ್ತೆ ತಮ್ಮ ಎದೆಯ ಮೇಲೇ ಕೈಯಿಟ್ಟರು.

"ತುಂಬಿತು," ಎಂದರು. "ಶುರು ಮಾಡಪ್ಪಾ."

ತಮ್ಮನ್ನೇ ಎರಡು ಸಲ ಎಣಿಸಿಕೊಂಡಿದ್ದರು. ಪದದಿಂದ ಎಣಿಸುವವರಿಗಷ್ಟೇ ಆಗುವ ತಪ್ಪು. ನಾನು ಸುತ್ತ ನೋಡಿದೆ. ಯಾರ ಮುಖದಲ್ಲೂ ಅನುಮಾನವಿರಲಿಲ್ಲ. ಉರಿಯೇಲ್ ಟೋಪಿ ಸರಿಮಾಡಿಕೊಳ್ಳುತ್ತಿದ್ದ.

ಬಾಯಿ ತೆರೆದರೆ ಕದ್ದಿಶ್ ಆಗಿಹೋಗುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಎದುರಿನ ಮಾಳಿಗೆ ಖಾಲಿಯಾಗಿಯೇ ಉಳಿಯುತ್ತಿತ್ತು, ಹಾಗೆ ಉಳಿಯಲೆಂದೇ ನಾನು ಬಯಸಿದ್ದೆ. ಮೊದಲ ಪದ ನಾಲಿಗೆಯ ತುದಿಗೆ ಬಂದಿತು. ಮೋಸ ಮಾಡಬೇಡ, ಮಾರಾಯ ಎಂದದ್ದು ನನಗೆ. ನಿಸೋನ್-ಅಕಾನಿಗಲ್ಲ.

"ಅಕಾ, ನಿಮ್ಮನ್ನ ನೀವೇ ಎರಡು ಸಲ ಹೇಳ್ಕೊಂಡ್ರಿ," ಎಂದೆ. "ಒಬ್ಬ ಕಮ್ಮಿ."

"ಹಿಜ್ಕಿಯೋ ಎಲ್ಲಿ? ಬಂದಿಲ್ವಾ?"

"ನಾನು ಕರೀಲಿಲ್ಲ."

ನಿಸೋನ್-ಅಕಾ ಬೈಯುತ್ತಾರೆಂದು ಕಾದೆ. ಅವರು ಕೆಮ್ಮಿದರು, ಅಷ್ಟೇ.

ನಾನು ಅಂಚಿಗೆ ಹೋಗಿ ಎದುರು ಅಂಗಳದೊಳಕ್ಕೆ ಕೂಗಿದೆ. "ಹಿಜ್ಕಿಯೋ-ಅಕಾ! ಮೇಲೆ ಬನ್ನಿ!" ದನಿ ಜಗಳಕ್ಕೆ ಕರೆದ ಹಾಗಿತ್ತು.

ಬಾಗಿಲು ಆ ಕ್ಷಣವೇ ತೆರೆಯಿತು. ಅವನು ಹಬ್ಬದ ನಿಲುವಂಗಿ ತೊಟ್ಟು, ತಲೆಗೆ ಟೋಪಿಯಿಟ್ಟು ತಯಾರಾಗಿ ನಿಂತಿದ್ದ. ಕೈಯಲ್ಲಿ ಕಾಮಕಸ್ತೂರಿ. ಎಷ್ಟು ಹೊತ್ತಿನಿಂದ ಹಾಗೆ ಕಾದಿದ್ದನೋ.

ಮೆಟ್ಟಿಲು ಹತ್ತುವಾಗ ಮೂರು ಕಡೆ ನಿಂತ. ಅಂಗಿ ಅವನಿಗೆ ಎರಡು ಸುತ್ತು ದೊಡ್ಡದಾಗಿತ್ತು. ಮೇಲೆ ಬಂದು ಉಸಿರು ಎಳೆದುಕೊಂಡು ಹೇಳಿದ, "ಅವತ್ತು ನಿನ್ನ ಬಿಬಿ ಗೋಡೆ ಮೇಲಿಂದ ಕರೆದಳು. ಹಬ್ಬದ ರಾತ್ರಿ ಒಬ್ನೇ ಕೂತ್ಕೋಬೇಡ ಅಂತ. ನಾನು ಬರಬಾರದಿತ್ತು, ಝವುಲುನ್."

"ಹೌದು, ಬರಬಾರದಿತ್ತು," ಎಂದೆ. "ಈಗ ನಿಂತ್ಕೊಳ್ಳಿ."

ನಿಸೋನ್-ಅಕಾ ಮತ್ತೆ ಸಾಲು ಹೇಳಿದರು. ಈ ಸಲ ಕೊನೆಯ ಪದ ಎದುರು ಮಾಳಿಗೆಯ ಮೇಲೆ ಹೋಗಿ ನಿಂತಿತು.

ನಾನು ಕದ್ದಿಶ್ ಶುರು ಮಾಡಿದೆ. ಮೊದಲ ನಿಲುಗಡೆಗೆ ಎಲ್ಲ ಮಾಳಿಗೆಗಳಿಂದ ಆಮೆನ್ ಬಂತು. ಹಿಜ್ಕಿಯೋನದು ಬರಲಿಲ್ಲ. ಅವನಿಗೆ ಉಸಿರು ಸಾಲುತ್ತಿರಲಿಲ್ಲ. ನಾನು ಮುಂದಕ್ಕೆ ಓಡಿದೆ, ಅವನ ಆಮೆನ್ ನನ್ನ ಮಾತಿನ ಕೆಳಗೆ ಸಿಕ್ಕಿ ಕರಗಿಹೋಯಿತು. ಎರಡನೆಯ ನಿಲುಗಡೆಯಲ್ಲಿ ಎಲ್ಲರೂ ಹೇಳಿ ಮುಗಿಸಿದರು. ನಾನು ನಿಂತೆ. ಎದುರು ಮಾಳಿಗೆಯತ್ತ ನೋಡುತ್ತ ನಿಂತೆ. ಪಾರಿವಾಳವೊಂದು ಗೋಡೆಯಿಂದ ಗೋಡೆಗೆ ಹಾರಿತು. ಆಮೇಲೆ ಬಂತು, ಒಡೆದ ದನಿಯಲ್ಲಿ, "ಆಮೆನ್." ಆಗ ಮುಂದೆ ಹೇಳಿದೆ. ಅಲ್ಲಿಂದಾಚೆಗೆ ಪ್ರತಿ ಸಲವೂ ಕಾದೆ. ನನ್ನೊಂದಿಗೆ ಎಲ್ಲರೂ ಕಾದರು.

ಹಣ್ಣಿನ ಹರಕೆ ಆಯಿತು. ಕಾಮಕಸ್ತೂರಿಯ ಸರದಿ ಬಂದಾಗ ಹಿಜ್ಕಿಯೋ ಕಡ್ಡಿಯನ್ನು ಮೂಗಿಗೆ ಹಿಡಿದು, ಕೆಳಗಿಳಿಸಿ, ಮತ್ತೆ ಹಿಡಿದ.

"ನಿಸೋನ್-ಅಕಾ, ನಂಗೆ ಏನೂ ವಾಸನೆ ಬರ್ತಿಲ್ಲ. ಆ ಕಾಯಿಲೆಯಿಂದ ಮೂಗು ಸತ್ತೇಹೋಗಿದೆ. ಹರಕೆ ಹೇಳಬಹುದಾ?"

"ಬಾರದ ಪರಿಮಳಕ್ಕೆ ಹರಕೆ ಹೇಳೋ ಹಾಗಿಲ್ಲ. ಬೇರೆಯವರು ಹೇಳ್ತಾರೆ, ನೀನು ಆಮೆನ್ ಅನ್ನು."

ಬೇರೆಯವರು ಯಾರೆಂದು ಅವರು ಹೇಳಲಿಲ್ಲ. ಸಿಟ್ಟು ನನ್ನೊಳಗೆ ಇದ್ದ ಜಾಗದಲ್ಲೇ ಇತ್ತು, ಈಗಲೂ ಇದೆ. ನನ್ನ ಕಡ್ಡಿಯನ್ನು ಮೂಗಿಗೆ ಹಿಡಿದೆ. ಬಿಬಿಯ ಕುಂಡದ ಕಾಮಕಸ್ತೂರಿ, ಅವಳ ಸೆರಗಿನ ವಾಸನೆ. ಅವನಿಗೂ ಕೇಳುವಷ್ಟು ಗಟ್ಟಿಯಾಗಿ ಹರಕೆ ಹೇಳಿ, ಕಾಯುತ್ತ ನಿಂತೆ.