ನಳಿಗೆಯ ಬಾಯಿಗೆ ಜೋಳದ ದಂಟು

ಯುದ್ಧ ಮುಗಿಸಿ ಫೌಜು ಬಿಟ್ಟು ಬಂದ ಶಿವರಾಯ ಮಾತೇ ಮರೆತಂತಿದ್ದ. ಬಂದೂಕಿನ ವಿಷಯ ತೆಗೆದರೆ ಮಾತ್ರ ಬಾಯಿ ಬಿಡುತ್ತಿದ್ದ. ಹೆಂಡತಿ ಹಣಮಮ್ಮ ಅದನ್ನರಿತು, ಚಿಂಚೋಳಿ ಕಾಡಂಚಿನ ಹೊಲದಲ್ಲಿ ಶೇಂಗಾದ ಕಳೆ ಕೀಳುತ್ತ ಅದನ್ನೇ ಕೇಳುತ್ತಿದ್ದಳು.

"ಫೌಜಿನ ರೈಫಲ್ ಮೂತಿಗಿ ಸೀಳಿದ ಕೊಳವಿ ಇರ್ತದಂದ್ರಿ. ಅದ್ಯಾಕ್ರಿ?"

"ಗುಂಡು ಹೊಡದಾಗ ಮೂತ್ಯಾಗ ಬೆಂಕಿ ಮಿಂಚ್ತದ. ಆ ಸೀಳಿನಾಗ ಅದು ಚದುರ್ತದ. ಮಬ್ಬಿನಾಗ ನಮ್ಮ ಕಣ್ಣು ಕುಕ್ಕಲ್ಲ, ವೈರಿಗಿ ನಮ್ಮ ಜಾಗಾ ಲಗೂನ ಸಿಗಲ್ಲ. ಇನ್ನೊಂದು ನಮೂನಿ ಕೊಳವಿ, ಹೊಗಿ ಬಾಜೂಕ ತಳ್ತದ. ಭುಜಕ್ಕ ಒದಿಯೋದು ಕಮ್ಮಿ, ಖರೆ ಬಾಜೂಕ ನಿಂತಾವನ ಕಿವಿ ಹೋದಂಗ."

"ಸಪ್ಪಳ ಅಡಗಸೋದು?"

"ಅದೂ ಅದ. ಪೂರಾ ಅಡಗಲ್ಲ, ಕಮ್ಮಿ ಆಗ್ತದ."

"ನಿಮ್ಮವ್ವಗ ಒಂದು ತರಬೇಕಿತ್ತು ನೋಡ್ರಿ!"

ಗುಡಿಸಲಿನ ಗೂಟಗಳ ಮೇಲೆ ಹಂದಿ ಬೆದರಿಸುವ ಒಂಟಿ ನಳಿಗೆಯ ಬಂದೂಕಿತ್ತು. ಗಂಡ ಫೌಜಿನಲ್ಲಿದ್ದಷ್ಟು ವರ್ಷ ಹಣಮಮ್ಮ ಅದರ ಬಾಯಿಗೆ ಜೋಳದ ದಂಟಿನ ತುಂಡು ಸಿಕ್ಕಿಸಿ, ತೆಗೆಯುವುದು ಮರೆಯದಿರಲೆಂದು ಕೆಂಪು ಚಿಂದಿ ಕಟ್ಟಿಟ್ಟಿದ್ದಳು. "ಬಂದೂಕಿಗಿ ಬಾಲ ಯಾಕ? ಮಂಗ್ಯಾ ಏನದು?" ಎಂದು ಶಿವರಾಯ ಬಂದ ದಿನವೇ ಕಿತ್ತೆಸೆದಿದ್ದ.

ಒಂದು ಸಂಜೆ ಹಂದಿಗಳು ನುಗ್ಗಿದವು. ಶಿವರಾಯ ತೋಟಾ ತುರುಕಿ ಬಂದೂಕನ್ನು ಭುಜಕ್ಕೇರಿಸಿದ. ಹಣಮಮ್ಮ ಓಡಿ ಬಂದು ತೋಳು ಹಿಡಿದಳು.

"ನಿಲ್ರಿ! ಆಗಲೇ ಕಣಜದ ಹುಳ ಮಣ್ಣು ಕಚ್ಕೊಂಡು ಗೂಟದ ಕಡಿಗಿ ಹಾರಾಡ್ಲಿಕತ್ತಿತ್ತು. ಮೊದಲ ನಳಗಿ ನೋಡ್ರಿ."

ತೋಟಾ ತೆಗೆದು ನಳಿಗೆಯನ್ನು ಆಕಾಶಕ್ಕೆ ಹಿಡಿದ. ಬೆಳಕು ಕಾಣಲಿಲ್ಲ. ಸಲಾಕೆ ತೂರಿಸಿದಾಗ ಒಣಮಣ್ಣಿನ ಗಡ್ಡೆ, ಕಣಜ ತನ್ನ ಮರಿಗೆಂದು ಅದರೊಳಗೆ ಕೂಡಿಟ್ಟ ಜೇಡಗಳು ಕಾಲ ಬಳಿ ಬಿದ್ದವು.

ಅವನು ಅಲ್ಲೇ ಕುಳಿತ. ಹಣಮಮ್ಮ ಡಬ್ಬ ಬಡಿದು ಹಂದಿ ಓಡಿಸಿ ಬಂದರೂ ತನ್ನ ಅಂಗೈಯನ್ನೇ ನೋಡುತ್ತಿದ್ದ.

"ಮಶಾಕ ಅಂತ ನನ್ನ ಜೋಡಿದಾರ ಇದ್ದ," ಎಂದ ಕೊನೆಗೆ. "ನಳಗ್ಯಾಗ ಕೆಸರು ಕುಂತಿತ್ತು. ನೋಡದೇ ಹೊಡದ. ಸಿಡದು ಕೈ ಹೋಯ್ತು. ನಾ ಬಾಜೂಕೇ ಇದ್ದೆ."

ಮನೆಯಲ್ಲಿ ಯಾರಿಗೂ ಅವನು ಇದನ್ನು ಹೇಳಿರಲಿಲ್ಲ. ಅವಳು ಪಕ್ಕದಲ್ಲಿ ಕುಳಿತಳು. ಆ ಅಂಗೈಯನ್ನು ಅವನು ಅವಳ ಕೈಮೇಲಿಟ್ಟ.

ಬೆಳಿಗ್ಗೆ ಶಿವರಾಯ ತಾನೇ ದಂಟು ಕೊಯ್ದು, ನಳಿಗೆಯ ಅಳತೆಗೆ ಹೆರೆದು ತಂದ.

"ಚಿಂದಿ ಕೊಡು."

"ಮಂಗ್ಯಾನ ಬಾಲಕ್ಕೇನ್ರಿ?"

"ಹ್ಞೂ. ಉದ್ದಂದು ಕೊಡು, ಭಾಳ ದೂರಿಂದ ಕಾಣ್ಬೇಕು."